ಮೋಟಾರು ಇದ್ದ ಮಾತ್ರಕ್ಕೆ ಅದು ಸೈಕಲ್ಲಲ್ಲವೇ?

ಶಿಡ್ಲಘಟ್ಟದ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು 46. ಹಿಪ್ಪುನೇರಳೆ ತೋಟ ಮನೆಯಿಂದ ಮೂರು ಕಿಲೋಮೀಟರು, ಅದೂ ಬಂಡೆ, ಮಣ್ಣಿನ ದಾರಿ. ಹುಳು ನಾಲ್ಕನೇ ಜ್ವರ ಎದ್ದ ಮೇಲಂತೂ ದಿನಕ್ಕೆ ಎರಡು ಮೂರು ಸಲ ಓಡಾಟ. ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗಿ ಬಂದವರು, ಈಗ ಮೊಣಕಾಲು ನೋವು. ಚೀಟಿ ದುಡ್ಡು ಕೈಗೆ ಬಂದಿದೆ, ಬ್ಯಾಟರಿಯ ಮೌಂಟನ್ ಬೈಕ್ ತಗೊಳ್ಳೋಣ ಅಂತ ಆಸೆ. ಆದರೆ ಮಗ ಭಾನುವಾರ ಬಂತೆಂದರೆ ಗೇರ್ ಸೈಕಲ್ ತುಳಿದು ನಂದಿ ಬೆಟ್ಟ ಹತ್ತುವ ಹುಡುಗ. "ಮೋಟಾರ್ ಹಾಕ್ಕೊಂಡು ತುಳಿಯೋದು ಮೋಸ ಅಮ್ಮಾ, ಅದರ ಬದಲು ಸ್ಕೂಟರ್ ತಗೋ" ಅಂತಾನಂತೆ. ಅತ್ತೆಯವರದು "ಈ ವಯಸ್ಸಿನಲ್ಲಿ ಸೈಕಲ್ಲೇ?" ಅಂತ ಒಂದೇ ಮಾತು. "ಅಕ್ಕಾ, ನೀವೇ ಹೇಳಿ" ಎಂದು ಭಾರ ನನ್ನ ಮೇಲೆ ಹಾಕಿದ್ದಾರೆ.

ಮೊದಲು ಮಗನ ಮಾತು. ಪೆಡಲ್ ತುಳಿದರೆ ಮಾತ್ರ ಮೋಟಾರು ಕೈಜೋಡಿಸುವ ಸೈಕಲ್ಲು ಒಂದು ಬಗೆ. ಕೈಹಿಡಿ ತಿರುಗಿಸಿದರೆ ತಾನೇ ಓಡುವುದು ಇನ್ನೊಂದು ಬಗೆ. ಕೆಲವದರಲ್ಲಿ ಎರಡೂ ಉಂಟು. ಮೊದಲನೆಯದರಲ್ಲಿ ನೀವು ತುಳಿಯುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇದರಲ್ಲಿ ಮೋಸವೆಲ್ಲಿ ಬಂತು? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಟ್ಟದ ಸೈಕಲ್ ತುಳಿದು ರೂಢಿಯಿದ್ದ 33 ಜನರಿಗೆ ಎರಡೂ ಬಗೆಯ ಸೈಕಲ್ ಕೊಟ್ಟು ಎದೆಬಡಿತ ಅಳೆದರು. ಬ್ಯಾಟರಿ ಸೈಕಲ್ಲಿನಲ್ಲಿ ಎದೆಬಡಿತ ಸಾದಾ ಸೈಕಲ್ಲಿನ ಶೇಕಡಾ 94ರಷ್ಟು ಇತ್ತು! ತುಳಿದವರಿಗೆ ಮಾತ್ರ ಅಷ್ಟು ಕಷ್ಟ ಅನ್ನಿಸಲಿಲ್ಲ. ಅದೇ ವರ್ಷ ಕೆನಡಾದಲ್ಲಿ ಬ್ಯಾಟರಿ ಮೌಂಟನ್ ಬೈಕಿಗೆಂದೇ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆಯೂ ನಡೆಯಿತು. ಹೆಂಗಸರಲ್ಲಿ ಗೆದ್ದವಳು ಸ್ವಿಟ್ಜರ್ಲೆಂಡಿನ ನಥಾಲಿ ಶ್ನೈಟರ್. ಮಗನಿಗೆ ಇದನ್ನು ಓದಿ ಹೇಳಿ.

ಹಾಗೆಂದು ಅವನ ಸೈಕಲ್ಲನ್ನು ಹೀಗಳೆಯಲಾರೆ. 4,851 ಅಡಿಯ ನಂದಿಯನ್ನು ಸ್ವಂತ ಕಾಲಿನ ಬಲದಲ್ಲಿ ಹತ್ತುವ ಸುಖವೇ ಬೇರೆ. ಸಾದಾ ಸೈಕಲ್ಲು ಹಗುರ, ಬೆಲೆ ಕಡಿಮೆ, ಚೈನು ಕಳಚಿದರೆ ಚಿಂತಾಮಣಿಯ ಯಾವ ಸೈಕಲ್ ಷಾಪಿನವನಾದರೂ ಸರಿಮಾಡಿಕೊಡುತ್ತಾನೆ. ಬ್ಯಾಟರಿಯದು 20 ಕಿಲೋ ದಾಟುತ್ತದೆ. ಮನೆಗೆ ಮೆಟ್ಟಿಲಿದ್ದರೆ ಎತ್ತಿಡುವವರು ಯಾರು ಎಂದು ಮೊದಲೇ ಯೋಚಿಸಿ. ನಡುದಾರಿಯಲ್ಲಿ ಚಾರ್ಜ್ ಮುಗಿಯಿತೋ, ಆ ಭಾರವನ್ನೆಲ್ಲ ತುಳಿಯಬೇಕಾದ್ದು ನೀವೇ. ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕಿಂತ ಸುಮಾರು 200 ಮೀಟರು ತಗ್ಗಿನಲ್ಲಿದೆ. ಅತ್ತ ಹೋಗುವಾಗ ಹೂವೆತ್ತಿದ ಹಾಗೆ, ಇತ್ತ ಬರುವಾಗ ಬ್ಯಾಟರಿಯ ನಿಜವಾದ ಬಂಡವಾಳ ಗೊತ್ತಾಗುತ್ತದೆ. ಅಂಗಡಿಯವನು ಹೇಳುವ ಮೈಲೇಜು ಸಮದಾರಿಯದು. ರಿಪೇರಿ ಯಾವ ಊರಿನಲ್ಲಿ ಎಂದು ಕೇಳದೆ ಚೀಟಿ ದುಡ್ಡು ಬಿಚ್ಚಬೇಡಿ.

ನಿಮ್ಮ ತೋಟದ ದಾರಿಗೆ ದಪ್ಪ ಟೈರು ಒಳ್ಳೆಯದೇ. ಆದರೆ ಮೌಂಟನ್ ಬೈಕನ್ನು ಮಾಡಿದವರು ಸೀರೆಯನ್ನು ಕಂಡವರಲ್ಲ! ಚೈನಿಗೆ ಕವರಿಲ್ಲ, ಸಾಮಾನ್ಯವಾಗಿ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇದ್ದರೂ ಹೆಸರಿಗೆ. ನಡುವಿನ ಅಡ್ಡಪಟ್ಟಿ ತಗ್ಗಾಗಿರುವುದನ್ನೇ ಆರಿಸಿ, ಚೂಡಿದಾರ್ ತೊಟ್ಟು ತುಳಿಯಿರಿ. ಭಾರದ ಸೈಕಲ್ಲಾದ್ದರಿಂದ ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕ್ ಇರಲಿ. ಮೋಟಾರು 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ದಾಟದೆ ಇದ್ದರೆ ಲೈಸೆನ್ಸು, ರಿಜಿಸ್ಟ್ರೇಷನ್ನು ಬೇಕಿಲ್ಲ. ಸ್ಕೂಟರಿಗೂ ಇದಕ್ಕೂ ಇದೊಂದು ದೊಡ್ಡ ವ್ಯತ್ಯಾಸ. ಈ ವಿವರವನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಿ.

ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ. ಸಾಧಾರಣ ಬೆಲೆಯ ಸೈಕಲ್ಲಿನ ಬ್ಯಾಟರಿ ಒಂದು ಸಲ ತುಂಬಲು ಅರ್ಧ ಯೂನಿಟ್ ಸಾಕು. ಹೆದರಬೇಕಾದ್ದು ಬೆಂಕಿಗೆ. ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಚಾರ್ಜಿಗೆ ಹಾಕಬೇಡಿ, ಹಾಕಿ ಮಲಗಲೂ ಬೇಡಿ. ಸೈಕಲ್ ಜೊತೆ ಬಂದ ಚಾರ್ಜರನ್ನೇ ಬಳಸಿ. ಕೆಸರಾಯಿತೆಂದು ಪೈಪು ಹಿಡಿದು ತೊಳೆಯುವುದೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೊಣಕಾಲನ್ನು ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ಒಪ್ಪಿದರೆ, ಪೆಡಲ್ ಕೆಳಕ್ಕೆ ಹೋದಾಗ ಕಾಲು ಸ್ವಲ್ಪವೇ ಮಡಿಚಿರುವಷ್ಟು ಎತ್ತರಕ್ಕೆ ಸೀಟು ಏರಿಸಿ. ತಗ್ಗು ಸೀಟಿನಲ್ಲಿ ಕೂತರೆ ಮಂಡಿಗೆ ಪೆಟ್ಟು.

ಅತ್ತೆಯವರಿಗೆ ನಾನೇನು ಹೇಳಲಿ? ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ನಮ್ಮ ಊರುಗಳಲ್ಲಿ ಹುಡುಗಿ ಸೈಕಲ್ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಆ ಹುಡುಗಿಯ ತಾಯಿ ಹತ್ತಿದರೂ ಎಂಟು ದಿನ ನೋಡಿಯಾರು, ಅಷ್ಟೇ. ದುಡ್ಡು ನಿಮ್ಮದು, ಕಾಲು ನಿಮ್ಮದು. ಅತ್ತೆಯವರ ಹತ್ತಿರ ವಾದಕ್ಕೆ ನಿಲ್ಲದೆ, ಗೂಡು ಮಾರಿದ ಮೇಲೆ ಕೈಬಿಡುವಾದಾಗ ಮಗನನ್ನೇ ಕರೆದುಕೊಂಡು ಅಂಗಡಿಗೆ ಹೋಗಿ, ಓಡಿಸಿ ನೋಡಿ ತನ್ನಿ.

ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಸೊಪ್ಪಿನ ಮೂಟೆ ಹೇರಬಹುದೇ?" ಎಂದು ಕೇಳಿದ್ದೀರಿ. ಕ್ಯಾರಿಯರ್ ಕೂರಿಸುವ ತೂತುಗಳಿರುವ ಸೈಕಲ್ ಆದರೆ ಒಂದು ಸಣ್ಣ ಗಂಟು ಹೇರಬಹುದು. ದೊಡ್ಡ ಮೂಟೆ ಬೇಡಿ ತಾಯಿ, ಅದಕ್ಕೆ ಆಟೋನೇ ಸರಿ.