ಪರದೆ ಹಿಗ್ಗಿತು, ಜಿಲ್ಲೆ ಕುಗ್ಗಿತು

ಕನ್ನಡದ ಸುದ್ದಿವಾಹಿನಿಗಳು ಸ್ಟುಡಿಯೊ ಹಿಗ್ಗಿಸುವುದನ್ನು ನಿಲ್ಲಿಸಿ, ಆ ಹಣದಲ್ಲಿ ಜಿಲ್ಲೆಗಳಿಗೆ ಪೂರ್ಣಾವಧಿ ವರದಿಗಾರರನ್ನು ಕೊಡಲಿ ಎಂದು ಬರೆದಿದ್ದೆ. ಹಲವರು ಆಕ್ಷೇಪಿಸಿದ್ದಾರೆ. ಅವರಲ್ಲಿ ವಾಹಿನಿಗಳಲ್ಲೇ ದುಡಿಯುವವರೂ ಇರುವುದರಿಂದ ಉತ್ತರ ಕೊಡಲೇಬೇಕು.

ವೈಭವ ಇಲ್ಲದಿದ್ದರೆ ಜನ ಚಾನೆಲ್ ಬದಲಿಸುತ್ತಾರೆ ಎನ್ನುವುದು ಅವರ ದೊಡ್ಡ ವಾದ. ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಮುರುಗಮಲ್ಲಕ್ಕೆ ಬಂದು ನೋಡಲಿ. ದರ್ಗಾಕ್ಕೆ ಬಂದವರು, ಚಿಂತಾಮಣಿ ಬಸ್ಸಿಗೆ ಕಾಯುವವರು ಟೀ ಅಂಗಡಿಯಲ್ಲಿ ಕೂತಿರುತ್ತಾರೆ. ಸೂರಿಗೆ ತಾಗುವಷ್ಟು ಎತ್ತರದಲ್ಲಿ ಒಂದು ಸಣ್ಣ ಟಿವಿ. ಇದು ಗಡಿ ಸೀಮೆ, ಮನೆಮಾತು ತೆಲುಗಾದವರು ಬೇಕಾದಷ್ಟು ಜನ. ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ರಿಮೋಟ್ ಓಡಾಡುತ್ತಲೇ ಇರುತ್ತದೆ. ಕ್ಯಾಮೆರಾ ಹಿಂದೆ ಸರಿದು ಇಡೀ ಸ್ಟುಡಿಯೊ ತೋರಿಸಿದಾಗ ನಿರೂಪಕಿ ಹೆಬ್ಬೆರಳಿನಷ್ಟಾಗುತ್ತಾಳೆ. ಹಿಂದಿನ ಪರದೆಯಲ್ಲಿ ಬೆಂಕಿಯುಂಡೆ ತಿರುಗುತ್ತಿದೆ, ಕೆಳಗೆ ಎರಡು ಸಾಲು ಅಕ್ಷರ ಓಡುತ್ತಿವೆ. ಓದುವಷ್ಟರಲ್ಲಿ ಸಾಲು ಹೋಗಿರುತ್ತದೆ. ಆ ಸ್ಟುಡಿಯೊ ನಿಜವಾದ ಹಾಲೋ, ಹಸಿರು ಬಟ್ಟೆಯ ಮುಂದೆ ಕಂಪ್ಯೂಟರ್ ಕಟ್ಟಿದ ಅರಮನೆಯೋ ಎಂದು ಅಲ್ಲಿ ಕೂತ ಯಾರೂ ಹೇಳಲಾರರು. ಮೊಬೈಲಿನಲ್ಲಿ ನೋಡುವವರ ಪಾಡು ಇನ್ನೂ ಕಷ್ಟ. ಟಿಆರ್‌ಪಿ ಹೇಳುತ್ತದಲ್ಲ ಎನ್ನುತ್ತಾರೆ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆ 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ವಾರದ ರೇಟಿಂಗನ್ನೇ ನಿಲ್ಲಿಸಿತ್ತು. ಅಂಕಿ ಇದ್ದಾಗಲೂ ಅದು ಯಾವ ಚಾನೆಲನ್ನು ಎಷ್ಟು ಜನ ನೋಡಿದರು ಎಂದು ಹೇಳುತ್ತದೆಯೇ ಹೊರತು, ಪರದೆಯ ಗೋಡೆ ನೋಡಿ ಬಂದರೋ ಸುದ್ದಿ ಕೇಳಿ ಬಂದರೋ ಎಂದು ಹೇಳುವುದಿಲ್ಲ.

ಸ್ಟುಡಿಯೊ ಖರ್ಚು ಒಂದು ಸಲದ್ದು, ಸಂಬಳ ಪ್ರತಿ ತಿಂಗಳದ್ದು ಎಂಬ ಲೆಕ್ಕವನ್ನು ಒಬ್ಬರು ಮುಂದಿಟ್ಟಿದ್ದಾರೆ. ಈ ಲೆಕ್ಕ ತಪ್ಪು. ಎಲ್‌ಇಡಿ ಗೋಡೆಯನ್ನು ಕ್ಯಾಮೆರಾ ತೀರ ಹತ್ತಿರದಿಂದ ಹಿಡಿದರೆ ಪರದೆಯ ಚುಕ್ಕಿಗಳೆಲ್ಲ ಅಲೆಅಲೆಯಾಗಿ ಕುಣಿಯುತ್ತವೆ. ಅದನ್ನು ತಪ್ಪಿಸಲು ಚುಕ್ಕಿಗಳು ಒತ್ತಾಗಿರುವ ದುಬಾರಿ ಪರದೆ ಕೊಳ್ಳಬೇಕು, ಇಲ್ಲವೇ ಗೋಡೆಯಿಂದ ನಿರೂಪಕರನ್ನೂ ಕ್ಯಾಮೆರಾವನ್ನೂ ದೂರ ನಿಲ್ಲಿಸಬೇಕು. ದೂರ ನಿಲ್ಲಿಸಿದರೆ ನೆಲ ಹೆಚ್ಚು ಬೇಕು. ನೆಲ ಹೆಚ್ಚಿದರೆ ಲೈಟು ಹೆಚ್ಚು, ಲೈಟೂ ಪರದೆಯೂ ಸೇರಿ ಕಾಯಿಸಿದ ಕೋಣೆಗೆ ಎಸಿ ಹೆಚ್ಚು. ಈ ಕರೆಂಟ್ ಬಿಲ್ ಬರುವುದು ಪ್ರತಿ ತಿಂಗಳೇ. ಕೆಟ್ಟ ಪರದೆಯ ತುಂಡು ಬದಲಿಸುವುದು, ಗ್ರಾಫಿಕ್ಸ್ ತಂಡದ ಪಾಳಿ ನಡೆಸುವುದು ಬೇರೆ.

ನಕ್ಷೆ ತೋರಿಸಲು ದೊಡ್ಡ ಪರದೆ ಬೇಡವೇ ಎಂದು ಕೇಳಿದವರ ಮಾತು ಸರಿ. ಮತ ಎಣಿಕೆಯ ದಿನ ಅದು ನಿಜಕ್ಕೂ ಉಪಯೋಗ. ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಆ ಪರದೆಯಲ್ಲಿ ಏನು ಬರಬೇಕಿತ್ತು? ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆದದ್ದು 2014ರಲ್ಲಿ, ಇದೇ ಚಿಕ್ಕಬಳ್ಳಾಪುರದಲ್ಲಿ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ, ಸಕಲೇಶಪುರದ ಕಡೆ. ನಡುವೆ ಕಾಲುವೆ ಎಲ್ಲಿ ನಿಂತಿದೆ, ನೀರು ನಮಗೆ ಯಾವಾಗ ಎಂದು ನಕ್ಷೆ ಹಾಕಿ ವಾರಕ್ಕೊಮ್ಮೆ ವಿವರಿಸಲಿ, ನಾನೇ ಮೊದಲು ಕೂತು ನೋಡುತ್ತೇನೆ. ಬೆಂಗಳೂರಿನ ಹೆಬ್ಬಾಳ–ನಾಗವಾರದ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ; ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ರೈತರು ಕೇಳುತ್ತಲೇ ಇದ್ದಾರೆ. ಅದನ್ನು ಪರದೆಗೆ ತರಲು ಯಾರಾದರೂ ಮೊದಲು ಕೆರೆ ಏರಿ ಹತ್ತಬೇಕು. ಬದಲಿಗೆ ನಾವು ಕಂಡದ್ದೇನು? 2023ರಲ್ಲಿ ಬಿಪರ್‌ಜಾಯ್ ಚಂಡಮಾರುತ ಬಂದಾಗ ಹಿಂದಿ ನಿರೂಪಕಿಯೊಬ್ಬರು ಸ್ಟುಡಿಯೊದೊಳಗೆ ಕೊಡೆ ಹಿಡಿದು ಗಾಳಿಗೆ ತೂರಾಡುವಂತೆ ಓಲಾಡಿದರು. ಪರದೆ ಇದೆಯೆಂದು ಬಳಸಿದರೆ ಆಗುವುದು ಹೀಗೆ. ಸದ್ದಿನ ಕಥೆಯೂ ಅಷ್ಟೇ: 2025ರ ಮೇ ತಿಂಗಳಲ್ಲಿ ವಾಯುದಾಳಿಯ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಹಾಕಬೇಡಿ ಎಂದು ಕೇಂದ್ರ ಗೃಹ ಇಲಾಖೆಯೇ ವಾಹಿನಿಗಳಿಗೆ ಹೇಳಬೇಕಾಯಿತು.

ನಿಮಗೆ ದೂರದರ್ಶನದ ಕಾಲವೇ ವಾಪಸ್ ಬರಬೇಕೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. 1981ರಲ್ಲಿ ಬೆಂಗಳೂರು ಕೇಂದ್ರ ಶುರುವಾದ ಮೇಲೆ ಸರ್ಕಾರದ ದನಿ ಬಿಟ್ಟು ಬೇರೆ ದನಿ ಟಿವಿಯಲ್ಲಿ ಕೇಳಲು ಬಹಳ ವರ್ಷ ಕಾಯಬೇಕಾಯಿತು. ಖಾಸಗಿ ವಾಹಿನಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಸುದ್ದಿ ಓದುವವರ ಮುಖ ಎದೆಮಟ್ಟಕ್ಕೆ ಕಾಣುವ, ತುಟಿಯ ಚಲನೆ ತಿಳಿಯುವ ಆ ಚೌಕಟ್ಟು ಕಿವಿ ಮಂದವಾದ ಹಿರಿಯರಿಗೆ ಈಗಲೂ ಆಸರೆ. ಅದಕ್ಕೆ ಸಣ್ಣ ಕೋಣೆ, ಎರಡು ಕ್ಯಾಮೆರಾ ಸಾಕು.

ಜಿಲ್ಲೆಗಳಲ್ಲಿ ಸ್ಟ್ರಿಂಗರ್‌ಗಳು ಇದ್ದಾರಲ್ಲ ಎನ್ನುವುದು ಕೊನೆಯ ಆಕ್ಷೇಪ. ಇದ್ದಾರೆ. ಸುದ್ದಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಸ್ವಂತ ಪೆಟ್ರೋಲ್ ಹಾಕಿಕೊಂಡು, ಸ್ವಂತ ಫೋನಿನಲ್ಲಿ ಚಿತ್ರೀಕರಿಸಿ ಕಳಿಸುವವರೇ ಹೆಚ್ಚು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ನಡುವೆ ದರ ಕುಸಿದಾಗ ರೈತ ಮುಷ್ಟಿ ತುಂಬ ಗೂಡು ಎತ್ತಿ ತೋರಿಸಿ ಏನು ಹೇಳುತ್ತಾನೆ ಎಂಬುದೇ ಸುದ್ದಿ. ಆ ವಿಡಿಯೊ ಬೆಂಗಳೂರು ಮುಟ್ಟಿದ ಮೇಲೆ ಅವನ ಮಾತು ತೆಗೆದು, ಚರ್ಚೆಗೆ ಕೂತವರ ಬೆನ್ನ ಹಿಂದಿನ ಗೋಡೆಯಲ್ಲಿ ಅದನ್ನೇ ಮತ್ತೆ ಮತ್ತೆ ಓಡಿಸುತ್ತಾರೆ. ಆ ರೈತನ ಮಾತು ಪೂರ್ತಿ ಕೇಳಿಸಲಿ, ಅದನ್ನು ತಂದವನಿಗೆ ತಿಂಗಳ ಸಂಬಳ, ಪಿಎಫ್, ವಿಮೆ ಸಿಗಲಿ. ಅಷ್ಟು ಕೊಟ್ಟ ಮೇಲೂ ಹಣ ಮಿಕ್ಕಿದರೆ ಗೋಡೆ ಎಷ್ಟು ಅಡಿಯಾದರೂ ಇರಲಿ, ನನ್ನ ತಕರಾರಿಲ್ಲ.