ಜಲೀಲನ ಮೇಲೆ ಸಿಟ್ಟು, ಹಸೀನಾಳ ಎದುರು ಮೌನ

"ಉಸ್ತಾದ್, ನೀವು ಸಿನಿಮಾ ನೋಡ್ತೀರಾ?"

ಮದ್ರಸದಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದಾಗ ಉಳಿದವರೆಲ್ಲ ನಕ್ಕರು. ಹಿಂದಿನ ದಿನದ ಪಾಠವೇ ಸತ್ಯ ಹೇಳುವುದರ ಬಗ್ಗೆ ಇತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ನೋಡಿದ್ದೇನೆ ಮೋನೆ, ಯಾಕೆ?" ಎಂದೆ.

ವಿಷಯ ಇಷ್ಟೇ. ಶಾಲೆಯಿಂದ ಹಿರಿಯೂರಿನ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿ 'ನಾಗರಹಾವು' ಹಾಕಿದ್ದರಂತೆ. ಹುಡುಗಿಯನ್ನು ಚುಡಾಯಿಸಿ ರಾಮಾಚಾರಿ ಕೈಯಲ್ಲಿ ಏಟು ತಿನ್ನುವ ಜಲೀಲ ಬಂದಾಗ ಗೆಳೆಯರೆಲ್ಲ ತಿರುಗಿ ಇವನನ್ನೇ ನೋಡಿದರು. ಅವತ್ತಿನಿಂದ ಇವನ ಹೆಸರೇ ಜಲೀಲ ಆಗಿಬಿಟ್ಟಿದೆ. "ನಾವು ಯಾವಾಗಲೂ ಹಾಗೇನಾ ಉಸ್ತಾದ್ ಸಿನಿಮಾದಲ್ಲಿ?" ಎಂದು ಕೇಳಿದ. ಹುಡುಗರು ತಮಾಷೆಗೆ ಕರೆದಿರಬಹುದು, ಆದರೆ ಅವನಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಕಳೆದ ಕೆಲವು ವಾರ ಇಶಾ ನಮಾಝಿನ ನಂತರ ಮನೆಯವರ ಜೊತೆ ಕೂತು ಮೂರು ಸಿನಿಮಾ ನೋಡಿದೆ. ಸಿನಿಮಾ ನೋಡಿ ಎಂದು ನಾನು ಫತ್ವಾ ಕೊಡುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಆದರೆ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ನಾವು ಬೇಡ ಎಂದ ಮಾತ್ರಕ್ಕೆ ಅವರು ನೋಡದೆ ಇರುವುದಿಲ್ಲ. ನಮಗೆ ಗೊತ್ತಿಲ್ಲದೆ ನೋಡುತ್ತಾರೆ, ಅಷ್ಟೇ.

ಮೊದಲು 'ನಾಗರಹಾವು'. 1972ರ ಚಿತ್ರ, ತ.ರಾ.ಸು. ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಅಂಬರೀಶ್ ಅವರ ಮೊದಲ ಪಾತ್ರವೇ ಈ ಜಲೀಲ. ನಮ್ಮ ಜಿಲ್ಲೆಯ ಕೋಟೆ ಇಷ್ಟು ಚೆಂದ ಕಾಣುವ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ಓಬವ್ವ ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಹೊಡೆಯುವುದನ್ನು ಕಂಡು ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗಿಲ್ಲ. ಕೋಟೆಗೆ ನುಗ್ಗಲು ಬಂದವರನ್ನು ಆಕೆ ತಡೆದಳು, ಅದು ಆಕೆಯ ಹಕ್ಕು. ಆದರೆ ಜಲೀಲನ ವಿಷಯ ಬೇರೆ. ಅವನಂಥ ಪುಂಡರು ಎಲ್ಲ ಜಾತಿಯಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ತೊಂದರೆ ಏನೆಂದರೆ, ನಮ್ಮವನು ಎಂದು ತೆರೆಯ ಮೇಲೆ ನೆನಪಿನಲ್ಲಿ ಉಳಿದದ್ದು ಅವನೊಬ್ಬನೇ. ಪಕ್ಕದಲ್ಲಿ ಒಬ್ಬ ಮುಸ್ಲಿಂ ಅಂಗಡಿಯವನೋ ಮೇಷ್ಟ್ರೋ ಇದ್ದಿದ್ದರೆ ಆ ಹುಡುಗನಿಗೆ ಈ ಹೆಸರು ಅಂಟುತ್ತಿರಲಿಲ್ಲ.

ಆಮೇಲೆ 'ಡೇರ್‌ಡೆವಿಲ್ ಮುಸ್ತಾಫಾ'. ಪೂರ್ಣಚಂದ್ರ ತೇಜಸ್ವಿ ಅವರ ಕಥೆ. ಅವರ ಓದುಗರೇ ದುಡ್ಡು ಕೂಡಿಸಿ ಮಾಡಿದ ಸಿನಿಮಾ, 2023ರಲ್ಲಿ ಬಂತು. ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಮುಸ್ಲಿಂ ಹುಡುಗರೇ ಇಲ್ಲದ ಕಾಲೇಜಿಗೆ ಮುಸ್ತಾಫಾ ಬರುತ್ತಾನೆ. ಸಹಪಾಠಿಗಳಿಗೆ ಅವನನ್ನು ಕಂಡರೆ ಅನುಮಾನ, ಹೆದರಿಕೆ. ಜಗಳ ಕ್ರಿಕೆಟ್ ಪಂದ್ಯದವರೆಗೂ ಹೋಗುತ್ತದೆ. ನನಗೆ ಹಿಡಿಸಿದ್ದು ಏನೆಂದರೆ, ಅವನನ್ನು ವಲಿ ಮಾಡಿಲ್ಲ. ಅವನೂ ಕಿತಾಪತಿ ಮಾಡುತ್ತಾನೆ, ಹಠ ಹಿಡಿಯುತ್ತಾನೆ. ನಮ್ಮನ್ನು ದೇವತೆಗಳ ಹಾಗೆ ತೋರಿಸಿ ಎಂದು ಯಾರೂ ಕೇಳುತ್ತಿಲ್ಲ. ಪಕ್ಕದ ಬೆಂಚಿನವನ ಹಾಗೆ ತೋರಿಸಿದರೆ ಸಾಕು. ಮರುದಿನ ಆ ಹುಡುಗನಿಗೆ, "ನಿನ್ನ ಗೆಳೆಯರನ್ನು ಕೂರಿಸಿಕೊಂಡು ಇದನ್ನು ನೋಡು" ಎಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಎಲ್ಲರಿಗೂ ಇಷ್ಟವಾಗುತ್ತಿತ್ತು. ಆದರೆ ಮೂರನೆಯದಾಗಿ ನೋಡಿದ್ದು 'ಹಸೀನಾ'.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ ಚಿತ್ರ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳು ಎಂದು ಆಟೋ ಓಡಿಸುವ ಗಂಡ ಬಿಟ್ಟು ಹೋಗುತ್ತಾನೆ. ಆಕೆ ನ್ಯಾಯ ಕೇಳಿ ಮುತವಲ್ಲಿ ಹತ್ತಿರ ಹೋಗುತ್ತಾಳೆ, ಕೊನೆಗೆ ಮಕ್ಕಳ ಜೊತೆ ಮಸೀದಿ ಎದುರು ಕೂರುತ್ತಾಳೆ. ನೋಡುತ್ತಾ ನೋಡುತ್ತಾ ನನಗೆ ಬೆವರು ಬಂತು. ಹಲವು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಮಗು ಇಟ್ಟುಕೊಂಡು ಇಂಥದ್ದೇ ಕಷ್ಟ ಹೇಳಲು ನನ್ನ ಹತ್ತಿರ ಬಂದಿದ್ದಳು. "ಸಬ್ರ್ ಮಾಡಮ್ಮ, ಅಲ್ಲಾಹು ಇದ್ದಾನೆ" ಎಂದು ಕಳಿಸಿದೆ. ಕಮಿಟಿಯವರಿಗೆ ಒಂದು ಮಾತು ಹೇಳಲಿಲ್ಲ, ಅವಳ ಗಂಡನಿಗೆ ಒಂದು ಫೋನ್ ಮಾಡಲಿಲ್ಲ. ಅಲ್ಲಾಹು ಇದ್ದಾನೆ, ಸರಿ. ನಾನು ಯಾಕೆ ಇರಲಿಲ್ಲ?

ನಮ್ಮದೇ ಭಾಷೆಯ ಮೊದಲ ಸಿನಿಮಾ 'ಬ್ಯಾರಿ'ಯೂ ಆಗ ನೆನಪಾಯಿತು. 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಮರಾಠಿಯ 'ದೇವೂಳ್' ಜೊತೆ ಅದಕ್ಕೂ ಬಂತು. ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟೆವು. ಅದರ ಕಥೆ ನೋಡಿದಾಗ, "ನಮ್ಮ ಮನೆಯ ವಿಷಯವನ್ನು ಬೀದಿಗೆ ತಂದರು" ಎಂದವರೂ ಇದ್ದಾರೆ. ಕಥೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದು ಎಂದು ಸಾರಾ ಅಬೂಬಕ್ಕರ್ ಕೋರ್ಟಿಗೂ ಹೋದರು. ಕಾದಂಬರಿಯ ನಾದಿರಾ ತಲಾಖ್ ಆದ ಗಂಡನ ಜೊತೆ ಮತ್ತೆ ಬಾಳಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕು. ಇಂಥ ಒಪ್ಪಂದದ ನಿಖಾಹ್ ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿಯವರು (ಸ.ಅ.) ಶಪಿಸಿದ ಹದೀಸ್ ಇದೆ. ಇದನ್ನು ನಾವು ಉಸ್ತಾದರು ಎಷ್ಟು ಸಲ ಮಿಂಬರಿನಿಂದ ಹೇಳಿದ್ದೇವೆ? ಒಂದೇ ಉಸಿರಿಗೆ ಮೂರು ತಲಾಖ್ ಹೇಳುವುದು ದೀನ್ ಮೆಚ್ಚಿದ ದಾರಿಯಲ್ಲ ಎಂದು ನಾವೇ ಮನೆಮನೆಗೆ ಕಲಿಸಬೇಕಿತ್ತು. ಕಲಿಸಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2019ರಲ್ಲಿ ಕಾನೂನೇ ಬಂತು. ಆಮೇಲೆ ನಾವು ಭಾಷಣ ಶುರು ಮಾಡಿದೆವು.

ಸಾರಾ, ಬಾನು ಇಬ್ಬರೂ ಹೊರಗಿನವರಲ್ಲ. ಒಬ್ಬರು ಕಾಸರಗೋಡಿನ ಮಗಳು, ಇನ್ನೊಬ್ಬರು ಹಾಸನದವರು. ಬರೆದಾಗ ಇಬ್ಬರೂ ಸಮುದಾಯದ ಸಿಟ್ಟನ್ನು ಎದುರಿಸಿದರು. 2025ರಲ್ಲಿ ಬಾನು ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮವರ ಮೊಬೈಲ್ ಸ್ಟೇಟಸ್ ತುಂಬ ಅವರ ಫೋಟೋ. ಅವರು ಬರೆದಿದ್ದನ್ನು ಓದಿ ಹಾಕಿದವರು ಎಷ್ಟು ಜನರೋ!

ಜಲೀಲನನ್ನು ಬರೆದವರು ನಮ್ಮನ್ನು ದೂರದಿಂದ ಕಂಡವರು. ಹಸೀನಾಳನ್ನು ಬರೆದವರು ನಮ್ಮ ಅಡುಗೆಮನೆಯಲ್ಲಿ ಕೂತು ಕಂಡವರು. ಮೊದಲನೆಯದಕ್ಕೆ ನಮ್ಮ ಸಿಟ್ಟು ನ್ಯಾಯವೇ. ಆದರೆ ಎರಡನೆಯದಕ್ಕೆ ಉತ್ತರ ಕೊಡದೆ ಮೊದಲನೆಯದಕ್ಕೆ ಮಾತ್ರ ಸಿಟ್ಟಾದರೆ ಆ ಸಿಟ್ಟಿಗೆ ಬೆಲೆ ಇರುವುದಿಲ್ಲ.

ಆದ್ದರಿಂದ ಎರಡು ಕೋರಿಕೆ. ಒಂದು, ಮನೆಯಲ್ಲಿ ಮಕ್ಕಳು ಏನು ನೋಡುತ್ತಾರೋ ಒಮ್ಮೆ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಅದರ ಬಗ್ಗೆ ಮಾತಾಡಿ. ಇನ್ನೊಂದು ಜಮಾಅತಿನ ಹಿರಿಯರಿಗೆ. ಗಂಡ ಹೆಂಡತಿ ಜಗಳಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಲು ಕುರ್‌ಆನ್ ಹೇಳಿದೆ. ಅದಕ್ಕೆ ತಿಂಗಳಿಗೆ ಒಂದು ದಿನ ಗೊತ್ತು ಮಾಡಿ. ಕಷ್ಟ ಕೇಳುವ ಜಾಗದಲ್ಲಿ ತಿಳಿವಳಿಕೆಯ ಇಬ್ಬರು ಹೆಂಗಸರೂ ಇರಲಿ. ನನ್ನ ಪಾಲಿನ ಕೆಲಸ ಎಂದರೆ ದೊಡ್ಡ ಮಕ್ಕಳಿಗೆ ನಿಖಾಹ್, ತಲಾಖ್, ಇದ್ದತ್ ಪಾಠವನ್ನು ಬಾಯಿಪಾಠ ಮಾಡಿಸದೆ ಅರ್ಥ ಮಾಡಿಸುವುದು. ಈ ವಾರದಿಂದ ಶುರು ಮಾಡಿದ್ದೇನೆ.

ಅಂದ ಹಾಗೆ, ಆ ಹುಡುಗ ಗೆಳೆಯರ ಜೊತೆ ಕೂತು ಮುಸ್ತಾಫಾನನ್ನು ನೋಡಿದನಂತೆ. ಈಗ ಅವನ ಹೆಸರು ಜಲೀಲ ಅಲ್ಲ, ಡೇರ್‌ಡೆವಿಲ್. ಕ್ರಿಕೆಟ್ ಮಾತ್ರ ಇನ್ನೂ ಸರಿಯಾಗಿ ಬರುವುದಿಲ್ಲ.