ಮೀನು ಮೈಲಿಗೆ, ಮೀನೆಣ್ಣೆ ಮಾತ್ರೆ ಮಡಿ!



ಹಾಸ್ಟೆಲಿನ ಊಟದ ಬಗ್ಗೆ ನಾವು ಆಡುವ ಮಾತು ಎರಡೇ. ಅನ್ನ ಸಾಲಲಿಲ್ಲ, ಸಾರು ನೀರಾಗಿತ್ತು. ಹೊಟ್ಟೆ ತುಂಬದವನು ಮೊದಲು ಹೊಟ್ಟೆಯ ಮಾತಾಡುವುದು ನ್ಯಾಯವೇ. ಆದರೆ ಹೊಟ್ಟೆ ತುಂಬಿದ ಮೇಲೂ ಮೈ ಹಸಿದಿರಬಹುದು. ಇವತ್ತು ಆ ಹಸಿವಿನ ಮಾತು.

ನಮ್ಮ ಮೈ ತನಗೆ ಬೇಕಾದ ಕೊಬ್ಬನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಎರಡನ್ನು ಮಾತ್ರ ತಯಾರಿಸಲಾರದು: ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲ, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಇವು ತಟ್ಟೆಯಿಂದಲೇ ಬರಬೇಕು. ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅದಾದ ಎರಡು ವರ್ಷಕ್ಕೆ, 1929ರಲ್ಲಿ, ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಕೊಬ್ಬೇ ಇಲ್ಲದ ಆಹಾರ ತಿಂದ ಇಲಿಗಳ ಪಾಡನ್ನು ಲೋಕಕ್ಕೆ ತಿಳಿಸಿದರು. ಉಳಿದೆಲ್ಲ ಕೊಟ್ಟಿದ್ದರೂ ಇಲಿಗಳ ಚರ್ಮ ಹೊಟ್ಟೆದ್ದು ಉದುರಿತು, ಬೆಳವಣಿಗೆ ನಿಂತಿತು, ಮೂತ್ರಪಿಂಡ ಕೆಟ್ಟಿತು, ಕೊನೆಗೆ ಸತ್ತವು.

ನಾವು ಇಲಿಗಳಷ್ಟು ಕೆಟ್ಟಿಲ್ಲ ಬಿಡಿ. ನಮ್ಮ ಸಾರಿಗೆ ಒಗ್ಗರಣೆ ಬೀಳುತ್ತದೆ. ಆದರೆ ಯಾವ ಎಣ್ಣೆಯದು? ತಾಳೆ ಎಣ್ಣೆಯಾದರೆ ಅದರಲ್ಲಿ ಲಿನೋಲಿಯಿಕ್ ಹತ್ತರಲ್ಲೊಂದು ಪಾಲು, ಒಮೆಗಾ-3 ಇಲ್ಲವೆಂದೇ ಹೇಳಬೇಕು. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಯಲ್ಲಿ ಒಮೆಗಾ-6 ಧಾರಾಳ, ಒಮೆಗಾ-3 ಸೊನ್ನೆ. ಅನ್ನ, ಸಾರು, ಮುದ್ದೆಯಿಂದಲೂ ಆ ಕೊರತೆ ತುಂಬುವುದಿಲ್ಲ. ಮಿದುಳು ಮತ್ತು ಕಣ್ಣಿನ ಕಟ್ಟಡಕ್ಕೆ ಇಟ್ಟಿಗೆಯಾಗುವುದು ಈ ಒಮೆಗಾ-3 ಗುಂಪಿನದೇ ಒಂದು ಕೊಬ್ಬು. ಓದಲು ಬಂದ ಮಕ್ಕಳ ತಟ್ಟೆಯಲ್ಲಿ ಅದೇ ಇಲ್ಲ!

ಪರಿಹಾರ ದೂರದಲ್ಲಿಲ್ಲ. ವಿಜಯಪುರ, ಕಲಬುರಗಿ ಕಡೆಯ ಗೆಳೆಯರಿಗೆ ಗೊತ್ತು, ರೊಟ್ಟಿ ಜೊತೆ ಅವ್ವ ಕಟ್ಟಿಕೊಡುವ ಅಗಸಿ ಹಿಂಡಿ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕರ್ಧ ಒಮೆಗಾ-3. ಹರೆಯದ ಹುಡುಗನಿಗೆ ದಿನಕ್ಕೆ ಬೇಕಾದ್ದು ಸುಮಾರು ಒಂದೂವರೆ ಗ್ರಾಂ, ಹುಡುಗಿಗೆ ಕೊಂಚ ಕಡಿಮೆ. ಒಂದು ದೊಡ್ಡ ಚಮಚ ಅಗಸೆಪುಡಿಯಲ್ಲಿ ಅಷ್ಟು ಸಿಕ್ಕಿಬಿಡುತ್ತದೆ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ, ಹುರಿದು ಕುಟ್ಟಬೇಕು. ಹೊಲದ ಬದುವಿನ ಗೋಣಿಸೊಪ್ಪಿನಲ್ಲೂ ಇದು ಇದೆ. ಆದರೆ ಅಗಸೆಯ ಕೊಬ್ಬನ್ನು ಮಿದುಳಿಗೆ ಬೇಕಾದ ರೂಪಕ್ಕೆ ಮೈ ತಿರುಗಿಸುವುದು ಬಲು ಕೊಂಚ. ಅದು ಸಿದ್ಧವಾಗಿ ಸಿಗುವುದು ಬೂತಾಯಿ, ಬಂಗುಡೆಯಂಥ ಕಡಲ ಮೀನಿನಲ್ಲಿ, ಸ್ವಲ್ಪಮಟ್ಟಿಗೆ ಮೊಟ್ಟೆಯಲ್ಲಿ.

ಇಲ್ಲೇ ಜಾತಿ ಬಂದು ಕೂರುವುದು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದು ಎದ್ದು ನಿಂತರು. ಮೀನು ಬೇಯುವ ವಾಸನೆಗೆ ಮೂಗು ಮುಚ್ಚಿಕೊಂಡು ನಮಗೆ ಬಾಡಿಗೆ ಮನೆ ಇಲ್ಲ ಅನ್ನುವವರೂ ಇದ್ದಾರೆ. ಅಂಥ ಮನೆಯ ಕಪಾಟಿನಲ್ಲೂ ಮೀನೆಣ್ಣೆ ಮಾತ್ರೆಯ ಡಬ್ಬಿ ಇರಬಹುದು! ಮೀನು ಮೈಲಿಗೆ, ಅದೇ ಮೀನು ಮಾತ್ರೆಯೊಳಗೆ ಹೊಕ್ಕರೆ ಮಡಿ. ಸಾವಿರ ಮಿಲಿಗ್ರಾಂ ಅಂತ ಬರೆದ ಸಾಧಾರಣ ಮಾತ್ರೆಯಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಸುಮಾರು 300 ಮಿಲಿಗ್ರಾಂ ಮಾತ್ರ. ಒಂದು ಹೊತ್ತಿನ ಬೂತಾಯಿ ಸಾರಿನಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಬುದ್ಧಿ ಬೆಳೆಯುತ್ತೆ ಅಂತ ಮಾತ್ರೆ ಮಾರುವವನ ಮಾತು ಕೇಳಿ ವಿದ್ಯಾರ್ಥಿವೇತನ ಕಳೆದುಕೊಳ್ಳಬೇಡಿ. ವೈದ್ಯರು ಹೇಳಿದರೆ ಮಾತು ಬೇರೆ.

ನಮ್ಮ ತಪ್ಪೂ ಇದೆ. ಊರಿಂದ ತಂದ ಹಿಂಡಿ, ಒಣಮೀನನ್ನು ಟ್ರಂಕಿನಲ್ಲಿ ಬಚ್ಚಿಟ್ಟು, ಗೆಳೆಯರೆದುರು ಬೋಂಡ ತಿನ್ನುವವರು ನಾವೇ ಅಲ್ವ? ಅವ್ವನ ಬುತ್ತಿಗೆ ನಾಚುವವನು ಹೋರಾಟದಲ್ಲಿ ಏನು ಕೇಳಿಯಾನು?

ಆದ್ದರಿಂದ ಕೇಳೋಣ. ದಿನವೂ ಊಟದ ಜೊತೆ ಒಂದು ಚಮಚ ಅಗಸೆ ಚಟ್ನಿಪುಡಿ. ಅಡುಗೆಗೆ ತಾಳೆ ಎಣ್ಣೆಯೊಂದೇ ಸಾಲದು, ಸೋಯಾ ಅಥವಾ ಸಾಸಿವೆ ಎಣ್ಣೆಯೂ ಸೇರಲಿ, ಅವುಗಳಲ್ಲಿ ಒಮೆಗಾ-3 ಇದೆ. ತಿನ್ನುವವರಿಗೆ ಮೊಟ್ಟೆ, ವಾರಕ್ಕೊಮ್ಮೆಯಾದರೂ ಮೀನು. ಯಾವ ಎಣ್ಣೆ, ಎಷ್ಟು ಎಣ್ಣೆ ಅಂತ ಅಡುಗೆಮನೆಯ ಗೋಡೆಯ ಮೇಲೆ ಬರೆದು ಹಾಕಲಿ. ನಾಳೆಯೇ ಉಗ್ರಾಣಕ್ಕೆ ಹೋಗಿ ಡಬ್ಬದ ಚೀಟಿ ಓದಿ.

1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಹಾಸ್ಟೆಲ್ ಹುಡುಗರು ಒದೆ ತಿಂದರು. ಅವರು ಒದೆ ತಿಂದದ್ದು ನಾವು ಬೂಸಾ ಊಟ ಉಂಡು ಸುಮ್ಮನಿರಲಿ ಅಂತ ಅಲ್ಲ.

ಜೈಭೀಮ್.